ಬಣ್ಣ ಹೋದ ನೀರು ಶುದ್ಧವೇ? ಅಣಬೆ ಕಲಿಸುವ ಪಾಠ

ಈದ್‌ಗೆಂದು ತಂದ ಹೊಸ ದುಪಟ್ಟಾವನ್ನು ಮೊದಲ ಸಲ ನೆನೆಸಿದ್ದನ್ನು ನೆನಪಿಸಿಕೊಳ್ಳಿ. ಐದೇ ನಿಮಿಷದಲ್ಲಿ ಬಕೆಟ್‌ನ ನೀರು ರೋಸ್ ಶರಬತ್ತಿನಂತೆ ಕೆಂಪಾಗುತ್ತದೆ. ಅದನ್ನು ಬಚ್ಚಲಿಗೆ ಸುರಿದು ಇನ್ನೊಂದು ಬಕೆಟ್ ನೀರು ಹಿಡಿಯುತ್ತೇವೆ. ಎರಡನೆಯ ನೀರು ತಿಳಿಗೆಂಪು, ಮೂರನೆಯದು ಹೆಚ್ಚುಕಡಿಮೆ ತಿಳಿ. "ಇನ್ನು ಬಣ್ಣ ಬಿಡುವುದಿಲ್ಲ" ಎಂದು ಬಟ್ಟೆಯನ್ನು ಹಗ್ಗದ ಮೇಲೆ ಹರವುತ್ತೇವೆ. ಆದರೆ ಬಟ್ಟೆ ಬಿಟ್ಟ ಬಣ್ಣ ಎಲ್ಲಿಗೆ ಹೋಯಿತು? ಚರಂಡಿಗೆ, ಚರಂಡಿಯಿಂದ ಮಣ್ಣಿಗೆ ಅಥವಾ ಹೊಳೆಗೆ. ಅಲ್ಲಿ ಅದನ್ನು ಒಡೆಯುವವರು ಯಾರಾದರೂ ಇದ್ದಾರೆಯೇ?

ಇದ್ದಾರೆ. ಮಳೆಗಾಲದಲ್ಲಿ ಕೊಳೆತ ಮರದ ದಿಮ್ಮಿಯ ಮೇಲೆ ಬೀಸಣಿಗೆಯಂತೆ ಅರಳುವ ಅಣಬೆಗಳನ್ನು ನೀವು ನೋಡಿರುತ್ತೀರಿ. ಆ ಜಾತಿಯ ಶಿಲೀಂಧ್ರಗಳಿಗೆ ಅಲ್ಲಾಹನು ಕೊಟ್ಟಿರುವ ಕಿಣ್ವಗಳು ಮನುಷ್ಯ ತಯಾರಿಸಿದ ಕೃತಕ ಬಣ್ಣಗಳನ್ನೂ ಒಡೆಯಬಲ್ಲವು. ಅವು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಸೋಲುತ್ತವೆ ಎಂಬುದನ್ನು ಈ ತಿಂಗಳು ತಿಳಿಯೋಣ. ಜೊತೆಗೆ ಒಂದು ಮುಖ್ಯ ಮಾತನ್ನೂ ಕಲಿಯೋಣ: ನೀರಿನ ಬಣ್ಣ ಹೋಗುವುದು ಬೇರೆ, ನೀರು ಶುದ್ಧವಾಗುವುದು ಬೇರೆ.

ಬದನವಾಳಿನಿಂದ ಆರಂಭಿಸೋಣ

ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿಗೆ ಹೆಸರಾದ ಊರು. 1927ರಲ್ಲಿ ಗಾಂಧೀಜಿ ಇಲ್ಲಿಗೆ ಭೇಟಿ ನೀಡಿದ್ದರು. ಈ ಸೀಮೆಯಲ್ಲಿ ಖಾದಿ ಕೆಲಸವನ್ನು ಬೆಳೆಸಿದವರಲ್ಲಿ ತಗಡೂರು ರಾಮಚಂದ್ರರಾಯರ ಹೆಸರು ದೊಡ್ಡದು. ನೂಲುವ, ನೇಯುವ ಕೈಗಳಲ್ಲಿ ಹೆಚ್ಚಿನವು ಹೆಂಗಸರವು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಸುಸ್ಥಿರ ಬದುಕಿನ ಸತ್ಯಾಗ್ರಹಕ್ಕೆ ಆರಿಸಿಕೊಂಡದ್ದೂ ಇದೇ ಊರನ್ನು.

ಕೈಯಿಂದ ನೂತು, ಕೈಮಗ್ಗದಲ್ಲಿ ನೇಯ್ದ ಬಟ್ಟೆ ಮಣ್ಣಿಗೂ ನೀರಿಗೂ ಹಗುರ. ಆದರೆ ಬಿಳಿ ಬಟ್ಟೆಯನ್ನಷ್ಟೇ ತೊಡುವವರು ಎಷ್ಟು ಮಂದಿ? ಅದು ಖಾದಿಯಾಗಲಿ, ಗಿರಣಿಯ ಬಟ್ಟೆಯಾಗಲಿ, ಹತ್ತಿಗೆ ಗಾಢ ಬಣ್ಣ ಬೇಕೆಂದರೆ ಇಂದು ಬಳಕೆಯಾಗುವುದು ಬಹುತೇಕ ರಾಸಾಯನಿಕ ಬಣ್ಣವೇ. ಆಗ ಪ್ರಶ್ನೆ ಮಗ್ಗದ್ದಾಗಿ ಉಳಿಯುವುದಿಲ್ಲ, ಬಣ್ಣದ ತೊಟ್ಟಿಯದ್ದಾಗುತ್ತದೆ.

ಇದು ಒಂದು ಊರಿನ ಪ್ರಶ್ನೆಯೂ ಅಲ್ಲ. ನಂಜನಗೂಡಿನಲ್ಲಿ ಹರಿಯುವ ಕಪಿಲೆ, ಅಂದರೆ ಕಬಿನಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಮೇಲಿನ ಊರು ಬಿಟ್ಟ ನೀರು ಕೆಳಗಿನ ಊರಿಗೆ ಬರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಪಟ್ಟಿ ಮಾಡಿದ ದೇಶದ 351 ಮಲಿನ ನದಿ ಭಾಗಗಳಲ್ಲಿ ಕಬಿನಿಯೂ ಸೇರಿದೆ. ಆ ಪಟ್ಟಿಗೆ ಆಧಾರವಾದದ್ದು ನೀರಿನ ಬಣ್ಣವಲ್ಲ, ನೀರಿನಲ್ಲಿರುವ ಕೊಳೆ ಎಷ್ಟು ಆಮ್ಲಜನಕವನ್ನು ತಿಂದುಹಾಕುತ್ತದೆ ಎಂಬ ಅಳತೆ. ಕಣ್ಣಿಗೆ ತಿಳಿಯಾಗಿ ಕಂಡ ನದಿಯೂ ಆ ಅಳತೆಯಲ್ಲಿ ಮಲಿನವಾಗಿರಬಹುದು.

ಬಣ್ಣ ಏಕೆ ಇಷ್ಟು ಹಠಮಾರಿ?

1856ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಪರ್ಕಿನ್ ಎಂಬ 18 ವರ್ಷದ ಹುಡುಗ ಮಲೇರಿಯಾಕ್ಕೆ ಬೇಕಾದ ಕ್ವಿನೈನ್ ತಯಾರಿಸಲು ಹೊರಟು, ಅಕಸ್ಮಾತ್ತಾಗಿ ನೇರಳೆ ಬಣ್ಣವೊಂದನ್ನು ಕಂಡುಹಿಡಿದ. ಕೃತಕ ಬಣ್ಣಗಳ ಉದ್ಯಮ ಬೆಳೆದದ್ದು ಅಲ್ಲಿಂದ. ಅಲ್ಲಿಯವರೆಗೆ ನೀಲಿ, ಮಂಜಿಷ್ಠ, ದಾಳಿಂಬೆ ಸಿಪ್ಪೆಗಳಿಂದ ಬರುತ್ತಿದ್ದ ಬಣ್ಣ ನಂತರ ಕಲ್ಲಿದ್ದಲಿನ ಡಾಂಬರಿನಿಂದ ಬರತೊಡಗಿತು.

ಬಣ್ಣದಿಂದ ನಾವು ಬಯಸುವುದೇನು? ಬಿಸಿಲಿಗೆ ಮಾಸಬಾರದು, ಸೋಪಿಗೆ ಬಿಡಬಾರದು, ಬೆವರಿಗೆ ಕದಲಬಾರದು. ತಯಾರಕರು ಅಂಥದ್ದನ್ನೇ ಮಾಡಿಕೊಟ್ಟರು. ಬಟ್ಟೆಯಲ್ಲಿ ಗುಣವೆನಿಸುವ ಈ ಗಟ್ಟಿತನ ಚರಂಡಿಗೆ ಇಳಿದ ಕೂಡಲೇ ದೋಷವಾಗುತ್ತದೆ. ಅನ್ನದ ಗಂಜಿಯನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ಎರಡು ದಿನದಲ್ಲಿ ಮುಗಿಸುತ್ತವೆ. ಬಣ್ಣವನ್ನು ಅವು ಅಷ್ಟು ಸುಲಭವಾಗಿ ಮುಟ್ಟುವುದಿಲ್ಲ.

ಕೃತಕ ಬಣ್ಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು 'ಅಜೋ' ಎಂಬ ಗುಂಪಿನವು. ಎರಡು ಸಾರಜನಕ ಪರಮಾಣುಗಳು ಜೋಡಿ ಕೊಂಡಿಯಿಂದ ಬೆಸೆದುಕೊಂಡು, ಆಚೆ ಈಚೆ ಇಂಗಾಲದ ಉಂಗುರಗಳನ್ನು ಹಿಡಿದುಕೊಂಡಿರುತ್ತವೆ. ನಮ್ಮ ಕಣ್ಣಿಗೆ ಬಣ್ಣ ಕಾಣುವುದು ಮುಖ್ಯವಾಗಿ ಈ ಕೊಂಡಿಯಿಂದ. ಅದು ಮುರಿದರೆ ಬಣ್ಣ ಹೋಗುತ್ತದೆ. ಮುರಿದ ತುಂಡುಗಳು ಏನಾಗುತ್ತವೆ ಎಂಬ ಪ್ರಶ್ನೆಗೆ ಮುಂದೆ ಬರೋಣ.

ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣಗಳಲ್ಲಿ ಇನ್ನೊಂದು ತೊಡಕಿದೆ. ತೊಟ್ಟಿಗೆ ಹಾಕಿದ್ದೆಲ್ಲವೂ ನೂಲಿಗೆ ಹಿಡಿಯುವುದಿಲ್ಲ. ಬಣ್ಣ ಮತ್ತು ವಿಧಾನವನ್ನು ಅವಲಂಬಿಸಿ ನೂರಕ್ಕೆ 10ರಿಂದ 50 ಪಾಲಿನವರೆಗೂ ನೀರಿನಲ್ಲೇ ಉಳಿದುಬಿಡಬಹುದು. ಬಣ್ಣ ನೂಲಿಗೆ ಇಳಿಯಲೆಂದು ಲೀಟರಿಗೆ ಹತ್ತಾರು ಗ್ರಾಂ ಉಪ್ಪು, ಅದು ಕಚ್ಚಿಕೊಳ್ಳಲೆಂದು ಸೋಡಾ ಹಾಕುತ್ತಾರೆ. ಅವೂ ಚರಂಡಿಗೇ ಹೋಗುತ್ತವೆ.

ಮರ ತಿನ್ನುವ ಅಣಬೆಯ ವಿದ್ಯೆ

ಈಗ ಅಣಬೆಯ ಕಡೆಗೆ ಬರೋಣ. ಮರ ಗಟ್ಟಿಯಾಗಿರುವುದು ಲಿಗ್ನಿನ್ ಎಂಬ ಕಂದು ವಸ್ತುವಿನಿಂದ. ಗೋಡೆಯ ಇಟ್ಟಿಗೆಗಳ ನಡುವಿನ ಗಾರೆಯಂತೆ ಅದು ಮರದ ನಾರುಗಳನ್ನು ಹಿಡಿದಿಡುತ್ತದೆ. ಲಿಗ್ನಿನ್‌ಗೆ ಒಂದು ನಿಶ್ಚಿತ ಆಕಾರವಿಲ್ಲ. ಹೇಗೆಂದರೆ ಹಾಗೆ ಹೆಣೆದುಕೊಂಡ ಉಂಗುರಗಳ ಬಲೆ ಅದು. ಹಾಗಾಗಿ ಬಹುತೇಕ ಜೀವಿಗಳಿಗೆ ಅದನ್ನು ಜೀರ್ಣಿಸಿಕೊಳ್ಳಲಾಗುವುದಿಲ್ಲ.

ಕೆಲವು ಶಿಲೀಂಧ್ರಗಳಿಗೆ ಮಾತ್ರ ಅದು ಸಾಧ್ಯ. ಇವು ಬೆಳೆದ ಮರದಿಂದ ಕಂದು ಲಿಗ್ನಿನ್ ಹೋಗಿ ಬೆಳ್ಳಗಿನ ನಾರು ಉಳಿಯುತ್ತದೆ. ಅದಕ್ಕೇ ಇವನ್ನು 'ಬಿಳಿ ಕೊಳೆ' ಶಿಲೀಂಧ್ರಗಳು ಎನ್ನುತ್ತಾರೆ. ನಾವು ಅಡುಗೆಗೆ ಬಳಸುವ ಚಿಪ್ಪಣಬೆಯೂ ಈ ಗುಂಪಿನದೇ.

ಸಾಮಾನ್ಯ ಕಿಣ್ವ ಒಂದು ಬೀಗಕ್ಕೆ ಒಂದು ಕೀಲಿಯಂತೆ. ಅನ್ನದ ಪಿಷ್ಟವನ್ನು ಒಡೆಯುವ ನಮ್ಮ ಜೊಲ್ಲಿನ ಕಿಣ್ವ ಎಣ್ಣೆಯನ್ನು ಒಡೆಯುವುದಿಲ್ಲ. ಆದರೆ ಆಕಾರವೇ ಇಲ್ಲದ ಲಿಗ್ನಿನ್‌ಗೆ ಯಾವ ಕೀಲಿ ಹೊಂದೀತು? ಅದಕ್ಕಾಗಿ ಬಿಳಿ ಕೊಳೆ ಶಿಲೀಂಧ್ರಗಳು ಬೇರೆ ದಾರಿ ಹಿಡಿಯುತ್ತವೆ. ತಮ್ಮ ಕಿಣ್ವಗಳನ್ನು ಮೈಯಿಂದ ಹೊರಕ್ಕೆ ಸುರಿಸುತ್ತವೆ. ಆ ಕಿಣ್ವಗಳು ಎದುರಿನ ವಸ್ತುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ. ಎಲೆಕ್ಟ್ರಾನ್ ಕಳೆದುಕೊಂಡ ಅಣು ತನ್ನ ಸಮತೋಲ ತಪ್ಪಿ ತಾನಾಗಿಯೇ ಒಡೆಯುತ್ತದೆ. ಲಿಗ್ನಿನ್‌ನ ಉಂಗುರಗಳನ್ನೇ ಹೋಲುವ ಉಂಗುರಗಳು ಬಣ್ಣದಲ್ಲೂ ಇವೆ. ಹಾಗಾಗಿ ಮರಕ್ಕೆಂದು ಇರುವ ಈ ಕಿಣ್ವಗಳು ಬಣ್ಣದ ಮೇಲೂ ಕೆಲಸ ಮಾಡುತ್ತವೆ.

ಈ ಕೆಲಸದಲ್ಲಿ ಮೂರು ಕಿಣ್ವಗಳು ಮುಖ್ಯ:

1. ಲ್ಯಾಕೇಸ್. ಇದರಲ್ಲಿ ನಾಲ್ಕು ತಾಮ್ರದ ಪರಮಾಣುಗಳಿವೆ. ಕಿತ್ತುಕೊಂಡ ಎಲೆಕ್ಟ್ರಾನ್‌ಗಳನ್ನು ಇದು ಗಾಳಿಯ ಆಮ್ಲಜನಕಕ್ಕೆ ಕೊಟ್ಟು ನೀರನ್ನಾಗಿಸುತ್ತದೆ. 1883ರಲ್ಲಿ ಜಪಾನಿನ ಯೋಶಿದಾ ಎಂಬವರು ಅರಗಿನ ಮರದ ಹಾಲಿನಲ್ಲಿ ಇದನ್ನು ಮೊದಲು ಗುರುತಿಸಿದರು.

2. ಲಿಗ್ನಿನ್ ಪೆರಾಕ್ಸಿಡೇಸ್. ನಮ್ಮ ರಕ್ತದಲ್ಲಿರುವಂತೆ ಇದರಲ್ಲೂ ಕಬ್ಬಿಣವಿದೆ. ಕೆಲಸಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೇಕು, ಅದನ್ನೂ ಶಿಲೀಂಧ್ರವೇ ತಯಾರಿಸಿಕೊಳ್ಳುತ್ತದೆ. 1983ರಲ್ಲಿ ಅಮೆರಿಕದ ವಿಜ್ಞಾನಿಗಳು ಇದನ್ನು ಕಂಡುಹಿಡಿದರು. ಬಣ್ಣಗಳ ಮೇಲೆ ಈ ಶಿಲೀಂಧ್ರಗಳ ಪರೀಕ್ಷೆ ಶುರುವಾದದ್ದೂ ಅದೇ ಕಾಲದಲ್ಲಿ.

3. ಮ್ಯಾಂಗನೀಸ್ ಪೆರಾಕ್ಸಿಡೇಸ್. ಇದು ಮ್ಯಾಂಗನೀಸ್ ಎಂಬ ಲೋಹವನ್ನು ಚುರುಕುಗೊಳಿಸಿ ಕಳುಹಿಸುತ್ತದೆ. ದೊಡ್ಡ ಕಿಣ್ವ ನುಗ್ಗಲಾಗದ ಸಂದಿಗೂ ಆ ಪುಟ್ಟ ಕಣ ನುಗ್ಗುತ್ತದೆ.

ಇವುಗಳಲ್ಲಿ ಒಂದು ಶಿಲೀಂಧ್ರದ ಸ್ವಭಾವ ಗಮನಿಸತಕ್ಕದ್ದು. ಹೆಚ್ಚು ಅಧ್ಯಯನಕ್ಕೆ ಒಳಗಾದ ಫನೆರೊಕೀಟ್ ಕ್ರೈಸೊಸ್ಪೋರಿಯಂ ಎಂಬ ಜಾತಿ ಹೊಟ್ಟೆ ತುಂಬಿರುವಾಗ ಈ ಕಿಣ್ವಗಳನ್ನು ತಯಾರಿಸುವುದೇ ಇಲ್ಲ. ಸಾರಜನಕದಂಥ ಆಹಾರ ಕಡಿಮೆಯಾದಾಗ ಕೆಲಸಕ್ಕೆ ಇಳಿಯುತ್ತದೆ.

ಮುರಿದ ತುಂಡುಗಳ ಕಥೆ

ಅಜೋ ಕೊಂಡಿಯನ್ನು ಎರಡು ರೀತಿಯಲ್ಲಿ ಮುರಿಯಬಹುದು. ಗಾಳಿಯಾಡದ ಕೊಳಚೆ ಗುಂಡಿಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮಧ್ಯದಲ್ಲೇ ಸೀಳುತ್ತವೆ. ಬಣ್ಣ ಮಾಯವಾಗುತ್ತದೆ, ನೀರು ತಿಳಿಯಾಗುತ್ತದೆ. ಆದರೆ ಅಲ್ಲಿ ಉಳಿಯುವುದು ಆರೊಮ್ಯಾಟಿಕ್ ಅಮೈನ್‌ಗಳು. ಅವುಗಳಿಗೆ ಬಣ್ಣವಿಲ್ಲದಿದ್ದರೂ ಕೆಲವು ಬಣ್ಣಕ್ಕಿಂತ ಅಪಾಯಕಾರಿ. ಬೆಂಜಿಡೀನ್ ಎಂಬುದು ಮೂತ್ರಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂಬುದು ಸಾಬೀತಾಗಿದೆ. ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ಕ್ಯಾನ್ಸರ್ ಹೆಚ್ಚಿರುವುದನ್ನು ಜರ್ಮನಿಯ ವೈದ್ಯ ಲುಡ್ವಿಗ್ ರೆನ್ 1895ರಲ್ಲೇ ಗಮನಿಸಿದ್ದರು. ಇಂಥ ಅಮೈನ್ ಬಿಡುವ ಬಣ್ಣಗಳನ್ನು ಜರ್ಮನಿ 1990ರ ದಶಕದಲ್ಲಿ ನಿಷೇಧಿಸಿತು. 1997ರಲ್ಲಿ ಭಾರತವೂ 70 ಅಜೋ ಬಣ್ಣಗಳನ್ನು ನಿಷೇಧಿಸಿತು. ಹೆಸರು, ಚೀಟಿ ಇಲ್ಲದ ಬಿಡಿ ಪುಡಿ ಕೊಳ್ಳಬಾರದು ಎನ್ನುವುದು ಇದಕ್ಕಾಗಿಯೇ.

ಶಿಲೀಂಧ್ರದ ಕಿಣ್ವ ಇನ್ನೊಂದು ರೀತಿಯಲ್ಲಿ ಮುರಿಯುತ್ತದೆ. ಲ್ಯಾಕೇಸ್ ಮೊದಲು ಉಂಗುರದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆಮೇಲೆ ನಡೆಯುವ ಒಡೆತದಲ್ಲಿ ಆ ಎರಡು ಸಾರಜನಕ ಪರಮಾಣುಗಳು ಅನೇಕ ಸಲ ಸಾರಜನಕ ಅನಿಲವಾಗಿ ಹೊರಟುಹೋಗುತ್ತವೆ. ನಾವು ಉಸಿರಾಡುವ ಗಾಳಿಯಲ್ಲಿರುವ ಸಾರಜನಕವೇ ಅದು. ಹಾಗಾದಾಗ ಅಪಾಯಕಾರಿ ಅಮೈನ್ ಹುಟ್ಟುವ ಸಂಭವ ಕಡಿಮೆ. ವಿಜ್ಞಾನಿಗಳು ಅಣಬೆಯ ದಾರಿಯನ್ನು ಮೆಚ್ಚಲು ಇದೇ ದೊಡ್ಡ ಕಾರಣ. ಹಾಗೆಂದು ಎಲ್ಲ ಬಣ್ಣಕ್ಕೂ ಇದೇ ಫಲ ಸಿಗುವುದಿಲ್ಲ. ಕೆಲವು ಬಣ್ಣಗಳು ಬೇಗ ಒಡೆಯುತ್ತವೆ, ಕೆಲವು ಜಗ್ಗುವುದಿಲ್ಲ. ಒಡೆದ ತುಂಡುಗಳು ಮತ್ತೆ ಒಂದಕ್ಕೊಂದು ಅಂಟಿಕೊಳ್ಳುವುದೂ ಉಂಟು. ಆದ್ದರಿಂದ ಬಣ್ಣ ಹೋದ ಮೇಲೂ ನೀರನ್ನು ಪರೀಕ್ಷಿಸಲೇಬೇಕು.

ಹಾಗಾದರೆ ಎಲ್ಲೆಡೆ ಏಕೆ ಬಳಸುವುದಿಲ್ಲ?

ಪ್ರಯೋಗಾಲಯದ ಬಾಟಲಿಗೂ ಬಣ್ಣದ ಕಾರ್ಖಾನೆಯ ಚರಂಡಿಗೂ ತುಂಬ ಅಂತರವಿದೆ. ಶಿಲೀಂಧ್ರದ ಲ್ಯಾಕೇಸ್‌ಗೆ ಸಾಮಾನ್ಯವಾಗಿ ಸ್ವಲ್ಪ ಹುಳಿಯಾದ ನೀರು ಒಗ್ಗುತ್ತದೆ. ಹತ್ತಿಗೆ ಬಣ್ಣ ಹಾಕಿದ ನೀರಾದರೋ ಸೋಡಾದಿಂದ ತೀರ ಕ್ಷಾರವಾಗಿರುತ್ತದೆ, ಬಿಸಿಯಾಗಿರುತ್ತದೆ. ಅದರಲ್ಲಿರುವ ಉಪ್ಪಿನ ಕ್ಲೋರೈಡ್ ಲ್ಯಾಕೇಸ್‌ನ ಕೆಲಸವನ್ನು ತಡೆಯುತ್ತದೆ. ಶಿಲೀಂಧ್ರ ನಿಧಾನವಾಗಿ ಬೆಳೆಯುವುದರಿಂದ ತೆರೆದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹಿಂದೆ ಹಾಕುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಕಿಣ್ವ ಬಣ್ಣವನ್ನು ಒಡೆದರೂ ಉಪ್ಪನ್ನು ಮುಟ್ಟುವುದಿಲ್ಲ. ಬಣ್ಣವಿಲ್ಲದ ಆ ಉಪ್ಪುನೀರು ಇಂಗಿದ ಕಡೆ ಬಾವಿ ಸವುಳಾಗುತ್ತದೆ, ಹೊಲ ಕೆಡುತ್ತದೆ.

ಆದರೂ ಈ ವಿದ್ಯೆ ಬಳಕೆಗೆ ಬಂದೇ ಇಲ್ಲ ಎನ್ನುವಂತಿಲ್ಲ. ಜೀನ್ಸ್ ಬಟ್ಟೆಯ ನೀಲಿಯನ್ನು ತಿಳಿಗೊಳಿಸಲು ಲ್ಯಾಕೇಸ್ ಕಿಣ್ವವನ್ನು 1990ರ ದಶಕದಿಂದಲೂ ಮಾರುತ್ತಿದ್ದಾರೆ. ಕ್ಲೋರಿನ್ ಬ್ಲೀಚಿನ ಜಾಗದಲ್ಲಿ ಅದನ್ನು ಬಳಸಬಹುದು. ಜೀನ್ಸ್‌ಗೆ ಹೆಸರಾದ ಬಳ್ಳಾರಿ ಇರುವ ನಮ್ಮ ನಾಡಿಗೆ ಇದು ತಿಳಿದಿರಬೇಕಾದ ವಿಷಯ.

ಮಕ್ಕಳೊಂದಿಗೆ ಮಾಡಿ ನೋಡಿ

ನಿಮ್ಮ ಊರಿನಲ್ಲಿ ಚಿಪ್ಪಣಬೆ ಬೆಳೆಯುವವರಿದ್ದರೆ, ಕೊಯ್ಲು ಮುಗಿದ ಚೀಲದ ಭತ್ತದ ಹುಲ್ಲನ್ನು ಎರಡು ಹಿಡಿ ಕೇಳಿ ತನ್ನಿ. ಅದರ ಮೇಲೆ ಬೆಳ್ಳಗಿನ ಬೂಸ್ಟಿನಂಥ ಎಳೆಗಳಿರಬೇಕು. ಅವೇ ಜೀವಂತ ಶಿಲೀಂಧ್ರ.

ಅಗಲ ಬಾಯಿಯ ಮೂರು ಗಾಜಿನ ಬಾಟಲಿಗಳಲ್ಲಿ ತಲಾ ಅರ್ಧ ಲೀಟರ್ ನೀರು ಹಾಕಿ. ಅಡುಗೆಯ ಕೆಂಪು ಬಣ್ಣವನ್ನು ಚಿಟಿಕೆಗಿಂತ ಕಡಿಮೆ ಬೆರೆಸಿ. ಅದೂ ಬಹುತೇಕ ಅಜೋ ಗುಂಪಿನದೇ. ಮೊದಲ ಬಾಟಲಿಗೆ ಬೇರೇನೂ ಹಾಕಬೇಡಿ. ಎರಡನೆಯದಕ್ಕೆ ಅರ್ಧ ಗಂಟೆ ಕುದಿಸಿ ಆರಿಸಿದ ಒಂದು ಹಿಡಿ ಹುಲ್ಲು ಹಾಕಿ. ಮೂರನೆಯದಕ್ಕೆ ಕುದಿಸದ ಒಂದು ಹಿಡಿ ಹುಲ್ಲು. ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಲ್ಲಿಡಿ. ದಿನಕ್ಕೊಮ್ಮೆ ಅಲುಗಾಡಿಸಿ. ಬಿಳಿ ಕಾಗದವನ್ನು ಹಿಂದೆ ಹಿಡಿದು, ಹತ್ತು ದಿನ ಬಣ್ಣವನ್ನು ಬರೆದಿಡಲು ಮಕ್ಕಳಿಗೆ ಹೇಳಿ.

ಎರಡನೆಯ ಬಾಟಲಿಯೂ ತಿಳಿಯಾದರೆ ಆಶ್ಚರ್ಯಪಡಬೇಡಿ. ಹುಲ್ಲು ಬಣ್ಣವನ್ನು ಹೀರಿಕೊಂಡಿರುತ್ತದೆ, ಒಡೆದಿರುವುದಿಲ್ಲ. ಹುಲ್ಲನ್ನು ಹೊರತೆಗೆದು ನೋಡಿದರೆ ಗೊತ್ತಾಗುತ್ತದೆ. ಕುದಿಸಿದಾಗ ಮೊಟ್ಟೆಯ ಬಿಳಿ ಗಟ್ಟಿಯಾಗುವಂತೆ ಕಿಣ್ವವೂ ಕೆಟ್ಟುಹೋಗುತ್ತದೆ. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸವೇ ಶಿಲೀಂಧ್ರದ ನಿಜವಾದ ದುಡಿಮೆ. ಮೂರನೆಯದು ನಾರತೊಡಗಿದರೆ ಬ್ಯಾಕ್ಟೀರಿಯಾಗಳು ಗೆದ್ದಿವೆ ಎಂದರ್ಥ. ಕಾರ್ಖಾನೆಯವರ ಕಷ್ಟ ಏನೆಂಬುದು ಆಗ ಮಕ್ಕಳಿಗೂ ಅರ್ಥವಾಗುತ್ತದೆ.

ಎಚ್ಚರಿಕೆ: ಈ ನೀರನ್ನು ಯಾರೂ ಕುಡಿಯಬಾರದು. ಆಸ್ತಮಾ ಇರುವವರು ಅಣಬೆಯ ಹುಲ್ಲನ್ನು ಕೆದಕಬಾರದು, ಅದರ ಧೂಳು ಕೆಮ್ಮು ಉಬ್ಬಸ ತರಬಹುದು. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಮನೆಯಲ್ಲಿ ಬಣ್ಣ ಹಾಕುವ ಸಹೋದರಿಯರಿಗೆ

ದುಪಟ್ಟಾ, ಸೀರೆಗಳಿಗೆ ಮನೆಯಲ್ಲೇ ಬಣ್ಣ ಹಾಕಿ ಸಂಸಾರ ತೂಗಿಸುವ ಅನೇಕ ಹೆಂಗಸರಿದ್ದಾರೆ. ಅವರು ಮಾಡಬಹುದಾದದ್ದು ಇಷ್ಟು:

- ಪುಡಿಯನ್ನು ಬೆರೆಸುವಾಗ ಮೂಗು ಬಾಯಿ ಮುಚ್ಚಿಕೊಳ್ಳಿ. ರಿಯಾಕ್ಟಿವ್ ಬಣ್ಣದ ಧೂಳು ಕೆಲವರಿಗೆ ಆಸ್ತಮಾ ತರುತ್ತದೆ. ಕೈಗೆ ರಬ್ಬರ್ ಗವಸು ಇರಲಿ. ಮಕ್ಕಳನ್ನು ದೂರ ಇಡಿ.
- ಬಣ್ಣದ ಪಾತ್ರೆ, ಚಮಚ ಬೇರೆಯೇ ಇರಲಿ. ತೊಳೆದರೂ ಅವು ಮತ್ತೆ ಅಡುಗೆಮನೆಗೆ ಬರಬಾರದು.
- ಅಳೆದು ಹಾಕಿ. ಚೀಟಿಯಲ್ಲಿ ಹೇಳಿದಷ್ಟೇ ಬಣ್ಣ, ಉಪ್ಪು, ಸೋಡಾ ಹಾಕಿ, ಹೇಳಿದಷ್ಟು ಹೊತ್ತು ಬಿಡಿ. ಆತುರಪಟ್ಟರೆ ಬಣ್ಣ ನೂಲಿಗೆ ಹಿಡಿಯದೆ ನೀರಿಗೆ ಹೋಗುತ್ತದೆ. ನಿಮ್ಮ ಹಣವೂ ಹೋಗುತ್ತದೆ.
- ತಿಳಿ ಬಣ್ಣ ಮೊದಲು, ಗಾಢ ಬಣ್ಣ ನಂತರ. ಕೊನೆಯ ಜಾಲಾಡಿಸಿದ ನೀರನ್ನು ಮುಂದಿನ ಬಟ್ಟೆಯ ಮೊದಲ ಜಾಲಾಟಕ್ಕೆ ಬಳಸಿ.
- ಬಣ್ಣದ ನೀರಿಗೆ ಬ್ಲೀಚಿಂಗ್ ಪುಡಿ ಸುರಿದು ತಿಳಿ ಮಾಡಬೇಡಿ. ಬಣ್ಣ ಹೋದರೂ ಕ್ಲೋರಿನ್ ಸೇರಿದ ಹೊಸ ವಿಷಗಳು ಹುಟ್ಟಬಹುದು. ಬ್ಲೀಚಿಗೆ ವಿನೆಗರ್ ಅಥವಾ ಆಸಿಡ್ ತಗುಲಿದರೆ ಉಸಿರುಗಟ್ಟಿಸುವ ಅನಿಲ ಬರುತ್ತದೆ.
- ಬಾವಿ, ಬೋರ್‌ವೆಲ್, ಕೆರೆಯ ಹತ್ತಿರ ಈ ನೀರನ್ನು ಇಂಗಿಸಬೇಡಿ. ತರಕಾರಿ ಮಡಿಗೂ ಬೇಡ. ಒಳಚರಂಡಿ ಇದ್ದರೆ ಅದಕ್ಕೇ ಬಿಡಿ. ಹತ್ತಾರು ಮನೆಗಳು ಇದೇ ಕೆಲಸ ಮಾಡುವ ಕಡೆ ಎಲ್ಲರೂ ಸೇರಿ ಸಂಸ್ಕರಣೆಯ ವ್ಯವಸ್ಥೆಗಾಗಿ ಪಂಚಾಯ್ತಿಯನ್ನೋ ಪುರಸಭೆಯನ್ನೋ ಕೇಳಿ.

ಬಾವಿಯ ನೀರಿನ ರುಚಿ ಬದಲಾಗಿದ್ದರೆ ಸುಮ್ಮನಿರಬೇಡಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಲವಣಗಳು ಲೀಟರಿಗೆ 500 ಮಿಲಿಗ್ರಾಂ, ಕ್ಲೋರೈಡ್ 250 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು. ಪಿಎಚ್ 6.5ರಿಂದ 8.5ರೊಳಗೆ ಇರಬೇಕು. ಬಣ್ಣದ ಕೆಲಸ ನಡೆಯುವ ಜಾಗವೆಂದು ಪ್ರಯೋಗಾಲಯದವರಿಗೆ ಮೊದಲೇ ತಿಳಿಸಿ.

ಕಣ್ಣಿಗೆ ಕಾಣದ ಶುಚಿತ್ವ

ನೀರಿನ ಅಧ್ಯಾಯದಲ್ಲಿ ಬಣ್ಣ, ರುಚಿ, ವಾಸನೆ ಎಂಬ ಮೂರು ಗುಣಗಳನ್ನು ನಾವೆಲ್ಲ ಮದ್ರಸದಲ್ಲೇ ಕಲಿತಿದ್ದೇವೆ. ವುಝೂವಿಗೆ ಯಾವ ನೀರು ಸಲ್ಲುತ್ತದೆ ಎಂಬುದನ್ನು ಉಲಮಾಗಳಲ್ಲಿ ಕೇಳಿ ತಿಳಿಯಬೇಕು. ಕುಡಿಯಲು ಯಾವುದು ಸುರಕ್ಷಿತ ಎಂಬುದನ್ನು ಪರೀಕ್ಷೆ ಮಾಡಿಸಿ ತಿಳಿಯಬೇಕು. ಮೂರೂ ಗುಣಗಳಲ್ಲಿ ಸರಿಯೆನಿಸಿದ ನೀರಿನಲ್ಲೂ ದೇಹಕ್ಕೆ ಹಾನಿಯಾದದ್ದು ಕರಗಿರಬಹುದು.

ಜನರು ಬಳಸುವ ನೀರಿನ ತಾಣವನ್ನು, ನಡೆಯುವ ದಾರಿಯನ್ನು, ಕೂರುವ ನೆರಳನ್ನು ಹೊಲಸು ಮಾಡುವುದರ ವಿರುದ್ಧ ಪ್ರವಾದಿ(ಸ)ರು ಕಟುವಾಗಿ ಎಚ್ಚರಿಸಿದ್ದಾರೆ. ಅವರ ಕಾಲದಲ್ಲಿ ಆ ಹೊಲಸು ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ಬಡಿಯುತ್ತಿತ್ತು. ಇಂದಿನದು ಕೆಲವೊಮ್ಮೆ ಕಾಣುವುದೂ ಇಲ್ಲ. ಹಾಗಾಗಿ ನಮ್ಮ ಹೊಣೆ ಇನ್ನೂ ಹೆಚ್ಚು.

ಅಣಬೆ ತನ್ನ ಪಾಲಿನ ಕೆಲಸ ಮಾಡುತ್ತದೆ, ಆದರೆ ನಿಧಾನವಾಗಿ, ಅದಕ್ಕೆ ಒಗ್ಗುವ ಜಾಗದಲ್ಲಿ ಮಾತ್ರ. ನಾವು ಸುರಿದದ್ದನ್ನೆಲ್ಲ ಅದು ತೊಳೆದುಕೊಡುತ್ತದೆ ಎಂದು ಕೂರುವಂತಿಲ್ಲ. ಮುಂದಿನ ಸಲ ಬಕೆಟ್‌ನಲ್ಲಿ ಕೆಂಪು ನೀರು ಕಂಡಾಗ, ಅದನ್ನು ಸುರಿಯುವ ಮೊದಲು ಒಂದು ಗಳಿಗೆ ನಿಂತು, ಈ ನೀರು ಯಾರ ಬಾವಿಯ ಕಡೆಗೆ ಹರಿಯುತ್ತದೆ ಎಂದು ನೋಡಿ.